ಯಾರೂ ಎದ್ದು ನಿಲ್ಲದ ಸವಾರಿ

ಬಸವಂತಮ್ಮನನ್ನು ಹೊಳೆಯಿಂದ ಹೊಳೆಗೆ ಮದುವೆ ಮಾಡಿ ಕೊಟ್ಟಿದ್ದರು. ತವರು ಮಾನ್ವಿ ಸೀಮೆಯ ತುಂಗಭದ್ರೆಯ ದಂಡೆ, ಗಂಡನ ಮನೆ ದೇವದುರ್ಗ ಸೀಮೆಯ ಕೃಷ್ಣೆಯ ದಂಡೆ. ಎರಡೂ ಕಡೆ ಅಂಬಿಗರ ಮನೆಗಳೇ. ಹೊಸದಾಗಿ ಬಂದಾಗ ಅತ್ತೆ, "ಏನೇನ್ ಅಡಿಗಿ ಬರ್ತದವಾ ನಿಂಗ?" ಎಂದು ಕೇಳಿದ್ದಕ್ಕೆ, "ಅಡಿಗಿ ಅಷ್ಟಕ್ಕಷ್ಟ ರೀ, ಹರಿಗೋಲು ಚಲೋ ಹಾಕ್ತೀನಿ" ಅಂದಿದ್ದಳಂತೆ. ಅತ್ತೆ ಹಣೆ ಬಡಿದುಕೊಂಡಳು. ಆದರೆ ಆ ವರ್ಷದ ಮಳೆಗಾಲದಲ್ಲಿ ಕೆಂಪಗೆ ಉಕ್ಕಿದ ಹೊಳೆಯ ಮೇಲೆ ಸೊಸೆ ಹುಟ್ಟು ಹಾಕುವುದನ್ನು ನೋಡಿದವಳೇ ತೆಪ್ಪಗೆ ಒಲೆಯ ಮುಂದೆ ತಾನೇ ಹೋಗಿ ಕುಳಿತಳು.

ಗಂಡ ದೊಡ್ಡಪ್ಪ ಬಲೆ ಬೀಸಲು ಹೋದರೆ ಬಸವಂತಮ್ಮ ಜನರನ್ನು ದಾಟಿಸುವಳು. ಹತ್ತಿ ಬಿಡಿಸಲು ಹೊರಟ ಹೆಂಗಸರು, ಕಾಲು ಕಟ್ಟಿದ ಆಡುಗಳು, ಅಳುವ ಮದುಮಗಳು, ಒಮ್ಮೆ ಮೋಟಾರ್ ಸೈಕಲ್ಲನ್ನು ತಬ್ಬಿಕೊಂಡು ಕೂತ ಒಬ್ಬ ಮಾಸ್ತರ. ಎಲ್ಲರೂ ಅವಳ ಹರಿಗೋಲಿನಲ್ಲಿ ಹಾದುಹೋದವರೇ. ಯಾರ ಮನೆಯಲ್ಲಿ ಗಂಡು ಹುಟ್ಟಿತು, ಯಾರ ಎಮ್ಮೆ ಗಬ್ಬಾಯಿತು ಎಂಬುದೆಲ್ಲ ಊರಿಗಿಂತ ಮೊದಲು ಹೊಳೆಯ ನಡುವೆ ಅವಳಿಗೆ ತಿಳಿಯುತ್ತಿತ್ತು. ಆಮೇಲೆ ಸೇತುವೆ ಬಂತು. ಜನ ಟಂಟಂ ಗಾಡಿ ಹತ್ತಿ ಭರ್ರೆಂದು ದಾಟತೊಡಗಿದರು. ಹರಿಗೋಲಿಗೆ ಉಳಿದದ್ದು ಬಲೆ, ಮೀನು, ದೊಡ್ಡಪ್ಪ.

"ಮೀನ ಹಿಡದ್ರ ಹೊಟ್ಟಿ ತುಂಬ್ತದ, ಖರೆ," ಎಂದು ಅವಳು ಗೆಳತಿ ಹುಮೇರಾಳ ಮುಂದೆ ಹಲುಬುತ್ತಿದ್ದಳು. "ಆದ್ರ ಮೀನ ಮಾತಾಡಂಗಿಲ್ಲಲ್ಲ ಬೇ!"

"ದೊಡ್ಡಪ್ಪ ಅಣ್ಣ?"

"ಅವ್ರಕಿಂತ ಮೀನಽ ವಾಸಿ."

ಹುಮೇರಾ ಸೇತುವೆಯ ಬುಡದಲ್ಲಿ ಮೀನು ಕರಿದು ಮಾರುವವಳು. ಬಸವಂತಮ್ಮನ ತವರಿನ ಕಡೆಯ ಪೋತ್ನಾಳದಿಂದ ಬಂದವಳಾದ್ದರಿಂದ ಇಬ್ಬರಿಗೂ ಅಕ್ಕತಂಗಿಯರ ಸಲಿಗೆ.

ಹೀಗಿರುವಾಗ ರಾಯಚೂರಿನ ಕಣ್ಣು ಹೊಳೆಯ ಮೇಲೆ ಬಿತ್ತು. ಎರಡು ಹೊಳೆಗಳ ನಡುವೆ ಇದ್ದರೂ ಆ ಊರಿನೊಳಗೆ ಒಂದೂ ಹೊಳೆ ಹರಿಯುವುದಿಲ್ಲ. ಊರೋ ದಿನಕ್ಕೊಂದು ಬಡಾವಣೆಯಂತೆ ಬೆಳೆಯುತ್ತಿದೆ. ಬಸವಂತಮ್ಮನ ಮಗಳು ಉಮಾಶ್ರೀಯನ್ನು ರಾಯಚೂರಿನ ಹತ್ತಿರದ ಕಲ್ಮಲಕ್ಕೆ ಕೊಟ್ಟಿದ್ದರು, ಅಳಿಯನಿಗೆ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಕೆಲಸ. ಹಾಲುಗೂಸನ್ನು ಕಟ್ಟಿಕೊಂಡು ತವರಿಗೆ ಬಂದಿದ್ದ ಉಮಾಶ್ರೀಯೇ ಸುದ್ದಿ ಹೇಳಿದವಳು.

"ಐತವಾರ ಬಂತಂದ್ರ ರಾಯಚೂರಾಗ ಮಂದಿ ಹೋಗೂದರ ಎಲ್ಲಿಗಬೇ? ಕೆರಿ ದಂಡಿಗಿ, ಇಲ್ಲಾ ಕೋಟೆ ಗುಡ್ಡಕ್ಕ. ಒಬ್ಬರ ಹೆಗಲ ಮ್ಯಾಲ ಒಬ್ರು. ಇಲ್ಲಿ ನೋಡು, ಎಂಥಾ ಗಾಳಿ ಅದ! ಈ ಹೊಳಿ ದಂಡಿ ಛಂದ ಮಾಡ್ತಾರಂತ, ಊರಿಗೆ ಊರಽ ಬರ್ತದ."

ಮುಂದಿನ ವಾರವೇ ದಂಡೆಯ ಮೇಲೆ, ಇಲ್ಲಿ ಏನೇನು ಬರಲಿದೆ ಎಂದು ಚಿತ್ರ ಬರೆದ, ಸರ್ಕಾರದ ಬಣ್ಣದ ದೊಡ್ಡ ಫಲಕ ಎದ್ದಿತು. ಕಲ್ಲಿನ ಮೆಟ್ಟಿಲು, ನೆರಳಿನ ದಾರಿ, ಜೋಕಾಲಿ, ತಿನಿಸಿನ ಅಂಗಡಿಗಳ ಸಾಲು, ನೀರಿನ ಮೇಲೆ ಚಪ್ಪರ ಹಾಕಿದ ಯಂತ್ರದ ದೋಣಿಗಳು. ಹುಮೇರಾ ಅಂಗಡಿಗಳ ಸಾಲಿನ ಮೇಲೆ ಬೆರಳಿಟ್ಟು, "ಇದು ನಂದು" ಎಂದು ಆಗಲೇ ಒಂದನ್ನು ಆರಿಸಿಕೊಂಡಳು. ಬಸವಂತಮ್ಮ ಮಾತ್ರ ಆ ನೀಲಿ ನೀರನ್ನು ಈ ತುದಿಯಿಂದ ಆ ತುದಿಗೆ ಹುಡುಕಿದಳು. ಎಲ್ಲಿಯೂ ಒಂದು ಹರಿಗೋಲು ಇರಲಿಲ್ಲ. ಊರಿಗೆ ಊರೇ ಹೊಳೆಗೆ ಬರುವಾಗ, ಅವರನ್ನು ಹತ್ತಿಸಿಕೊಳ್ಳುವವಳು ದಂಡೆಯ ಮೇಲೆ ಕೂತು ನೋಡಬೇಕೇ?

ಅಳತೆಗೆಂದು ಬಂದ ಎಂಜಿನಿಯರ್ ಇನಾಯತ್ ಅವರನ್ನು ಅವಳು ತಡೆದು ಕೇಳಿಯೇಬಿಟ್ಟಳು. ಅವರು ಒಳ್ಳೆಯ ಮನುಷ್ಯ, ತಗ್ಗಿದ ದನಿಯಲ್ಲೇ ಹೇಳಿದರು: "ಹರಿಗೋಲು ಛಂದ ಅದ ಅಮ್ಮಾ, ಇಲ್ಲ ಅನ್ನಂಗಿಲ್ಲ. ಆದ್ರ ನಮ್ಮ ಮಂದಿ ಕೇಳ್ತಾರೇನು? ಸೆಲ್ಫಿ ಅಂತ ನಡು ಹೊಳ್ಯಾಗ ಎದ್ದು ನಿಂತಬಿಡ್ತಾರ. ಒಬ್ರು ಎದ್ರ ಎಲ್ಲಾರೂ ನೀರಿಗೆ."

"ಏಳಲಾರ್ದಂಗ ಕುಂದರ್ಸೂದು ನನ್ ಜವಾಬ್ದಾರಿ ರೀ. ಒಮ್ಮಿ ಕುಂತು ನೋಡ್ರಿ."

ಇನಾಯತ್ ನಕ್ಕರು. ಐತವಾರ ಬೆಳಗಿನ ತಂಪಿಗೆ ತಮ್ಮ ಕಚೇರಿಯವರನ್ನು ಕರೆತರುತ್ತೇನೆ, ಸವಾರಿ ಸರಿಹೋದರೆ ನಕ್ಷೆಗೆ ಸೇರಿಸೋಣ ಎಂದರು.

ಶನಿವಾರ ಮನೆಯಲ್ಲಿ ಮದುವೆಮನೆಯಂಥ ಗಡಿಬಿಡಿ. ಹರಿಗೋಲಿನ ಹೊರಮೈಗೆ ಡಾಂಬರು ಬಳಿಯುವುದು ಪ್ರತಿವರ್ಷದ ಕೆಲಸ. ಆ ಸಲ ಬಳಿದ ಮೇಲೂ ಡಬ್ಬಿಯಲ್ಲಿ ಒಂದಿಷ್ಟು ಉಳಿಯಿತು. ಕೂಸನ್ನು ಹಳೆಯ ಹರಿಗೋಲಿನ ಬುಟ್ಟಿಯಲ್ಲಿ ಮಲಗಿಸಿ, ಕಾಲಿನಿಂದ ತೂಗುತ್ತಾ ಉಮಾಶ್ರೀ ಡಾಂಬರು ಬಳಿದ ಹರಿಗೋಲಿನೊಳಗೆ ಇಣುಕಿದಳು.

"ಯವ್ವಾ, ಹೊರಗ ಮದುಮಗ ಇದ್ದಂಗ ಅದ, ಒಳಗ ನೋಡಿದ್ರ ಹಲಗಿ ಎಲ್ಲಾ ಬಿಳಚ್ಯಾವು. ಒಂದು ಕೈ ಹಚ್ಚಲೇನು?"

"ಹಚ್ಚು ಹಚ್ಚು. ಹೊಸಾದು ಕಾಣ್ಲಿ."

ಒಳಗೆ ಡಾಂಬರು ಬಳಿಯುವುದು ಆ ಮನೆತನದಲ್ಲಿ ಯಾರೂ ಮಾಡದ ಕೆಲಸ. ಹೊರಮೈ ಹೊಳೆಯ ತಣ್ಣೀರಿಗೆ ತಾಗಿ ಬಿಗಿಯುತ್ತದೆ. ಒಳಗಿನ ಹಲಗೆ ಬಿಸಿಲಿಗೆ ಮೈಯೊಡ್ಡಿ ಏನಾಗುತ್ತದೆ ಎಂದು ಆ ಸಂಭ್ರಮದಲ್ಲಿ ತಾಯಿಗೂ ಹೊಳೆಯಲಿಲ್ಲ, ಮಗಳಿಗೂ ಹೊಳೆಯಲಿಲ್ಲ. ಬಸವಂತಮ್ಮ ಬೆಳಿಗ್ಗೆ ಎದ್ದು ಬೆರಳಿಟ್ಟು ನೋಡಿದಳು. ಚಳಿಗೆ ಕಲ್ಲಿನಂತೆ ಗಟ್ಟಿಯಾಗಿತ್ತು, ಹೊಸ ಕಾರಿನಂತೆ ಮಿಂಚುತ್ತಿತ್ತು.

ಬೆಳಗಿನ ತಂಪಿಗೆ ಬರುತ್ತೇವೆಂದವರು ಬಿಸಿಲೇರಿದ ಮೇಲೆ ಬಂದರು. ಇನಾಯತ್ ಅವರ ಜತೆ ಫಲಕದ ಚಿತ್ರ ಬರೆದ ಆತಿಯಾ, ಕಚೇರಿಯ ಗುರುಸಿದ್ದ. ಗುರುಸಿದ್ದನ ಪ್ಯಾಂಟು ಹಾಲಿನಂತೆ ಬೆಳ್ಳಗಿತ್ತು. ಬಸವಂತಮ್ಮ ಹೊಳೆಗೆ ಅರಿಶಿನ ಕುಂಕುಮ ಹಾಕಿ ಕೈಮುಗಿದು, ಎಲ್ಲರಿಗೂ ಅವರೇ ತಂದಿದ್ದ ತೇಲುವ ಜಾಕೆಟ್ಟು ತೊಡಿಸಿ ಕೂರಿಸಿದಳು. ತಾನು ಮುಂದೆ ಮೊಣಕಾಲೂರಿ ಹುಟ್ಟು ಹಿಡಿದಳು.

"ಮೊಸಳಿ ಅದಾವೇನ್ರಿ?" ಗುರುಸಿದ್ದ ಕೇಳಿದ.

"ಅದಾವ್ರಿ. ಆಚಿ ಬಂಡೆಗಲ್ಲ ಮ್ಯಾಲ ಬಿಸಲ ಕಾಸ್ತಾವು. ಹೆದರಬ್ಯಾಡ್ರಿ, ಸರ್ಕಾರಿ ಮಂದಿನ್ನ ಮುಟ್ಟಂಗಿಲ್ಲ."

ನಡು ಹೊಳೆ ಬಂದಿತ್ತು. ಬಸವಂತಮ್ಮ ಮೊಣಕಾಲು ಬದಲಿಸೋಣವೆಂದು ಎತ್ತಿದರೆ ಸೀರೆ ಬರಲಿಲ್ಲ. ಇನ್ನೊಮ್ಮೆ ಎಳೆದಳು, ಚರ್ರೆಂದಿತು. ತಿರುಗಿ ನೋಡಿದಳು. ಮೂವರೂ ಗಾಳಿಗೆ ಮುಖವೊಡ್ಡಿ, ಮಿಂಚುವ ಹಲಗೆಗಳ ಮೇಲೆ ಅಚ್ಚುಕಟ್ಟಾಗಿ ಕುಳಿತಿದ್ದರು. ಅಷ್ಟರಲ್ಲೇ ಗುರುಸಿದ್ದ ಮೊಬೈಲು ಮೇಲೆತ್ತಿ ಎದ್ದು ನಿಲ್ಲಲು ಹೊರಟ.

"ಏಳಬ್ಯಾಡ್ರೀ!" ಎಂದು ಕೂಗಿದಳು.

ಗುರುಸಿದ್ದ ಎದ್ದ, ಆದರೆ ಪ್ಯಾಂಟು ಏಳಲಿಲ್ಲ. ಯಾರೋ ಹಿಂದಿನಿಂದ ಜಗ್ಗಿದಂತೆ ದೊಪ್ಪನೆ ಕೂತ. ಇನಾಯತ್ ಅತ್ತಿತ್ತ ಹೊರಳಲು ನೋಡಿದರು, ಆಗಲಿಲ್ಲ.

"ಸಾಹೇಬ್ರ," ಬಸವಂತಮ್ಮನ ದನಿ ಇಳಿದುಹೋಗಿತ್ತು, "ತಪ್ಪಾಗ್ಯದ್ರಿ. ನೀವು ಬರ್ತೀರಿ ಅಂತ ಹಲಗಿಗೆ ಡಾಂಬರ ಹಚ್ಚಿದ್ವಿ. ಬಿಸಲಿಗೆ ಕರಗ್ಯದ. ನಾನೂ ಅಂಟೀನ್ರಿ."

ಅವಳಿಗೆ ಆ ಗಳಿಗೆಯಲ್ಲಿ ಫಲಕದ ಖಾಲಿ ನೀಲಿ ನೀರೇ ಕಣ್ಣ ಮುಂದೆ ನಿಂತಿತು. ಎಲ್ಲ ಮುಗಿಯಿತು ಎಂದುಕೊಂಡಳು.

ಮೊದಲು ಆತಿಯಾ ಕಿಸಕ್ಕೆಂದಳು. ತಡೆಯಲು ಬಾಯಿಗೆ ದುಪಟ್ಟಾ ಅಡ್ಡ ಹಿಡಿದಳು, ಆದರೆ ಭುಜಗಳು ಕುಣಿಯುತ್ತಿದ್ದವು. "ಸರ್, ಯಾರೂ ಏಳಂಗಿಲ್ಲ ಅಂತ ಗ್ಯಾರಂಟಿ ಕೇಳಿದ್ರಲ್ಲ, ಕೊಟ್ಟಾರ ನೋಡ್ರಿ!" ಇನಾಯತ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಗುರುಸಿದ್ದನೊಬ್ಬ ಪ್ಯಾಂಟಿನ ಚಿಂತೆಯಲ್ಲಿದ್ದ.

"ಹೆಂಗೂ ಏಳಾಕ ಬರಂಗಿಲ್ಲ," ಎಂದರು ಇನಾಯತ್, "ಇನ್ನೊಂದು ಸುತ್ತು ಹಾಕ್ರಿ ಅಮ್ಮಾ."

ಬಸವಂತಮ್ಮನಿಗೆ ಅಷ್ಟು ಸಾಕಾಯಿತು. ಹರಿಗೋಲನ್ನು ಬುಗುರಿಯಂತೆ ಗಿರ್ರನೆ ತಿರುಗಿಸಿದಳು. ದಂಡೆ, ಸೇತುವೆ, ಬಂಡೆ, ಹುಮೇರಾಳ ಹೊಗೆ, ಮತ್ತೆ ದಂಡೆ. ಗುರುಸಿದ್ದನೂ ಕೊನೆಗೆ ಚಿಂತೆ ಬಿಟ್ಟು ಕೇಕೆ ಹಾಕಿದ. ಹಿಂದೆ ಮದುಮಗಳನ್ನು ದಾಟಿಸಿದ್ದು, ಮಾಸ್ತರನ ಮೋಟಾರ್ ಸೈಕಲ್ಲು, ಅತ್ತೆಯ ಹಣೆಬಡಿತ, ಎಲ್ಲವನ್ನೂ ಹೇಳಿದಳು. ಅವರೂ ಹೇಳಿದರು. ಆತಿಯಾಳಿಗೆ ಮದುವೆಗೆ ಗಂಡು ಗೊತ್ತಾದದ್ದು ರಾಯಚೂರಿನಲ್ಲಿ ಇನ್ನೂ ಯಾರಿಗೂ ತಿಳಿದಿರಲಿಲ್ಲ. ಬಸವಂತಮ್ಮನಿಗೆ ತಿಳಿಯಿತು!

ದಂಡೆಗೆ ಬಂದಾಗ ಹುಮೇರಾ ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಯಾ ಅಲ್ಲಾ, ಕ್ಯಾ ಹುವಾ ಜೀ, ಏನಾತು? ಸಾಹೇಬ್ರನ್ನ ಬಾಣಲಿಗೆ ಅಂಟಿದ ಮೀನ್ ಮಾಡಿ ತಂದೀಯಲ್ಲಕ್ಕಾ!" ಇನ್ನೂ ಒಲೆಗೆ ಇಡದ ಶೇಂಗಾ ಎಣ್ಣೆಯ ಡಬ್ಬಿ ತಂದು ಹಲಗೆಯ ಅಂಚಿಗೆ ಸುರಿದು, ಚಮಚೆಯಿಂದ ಮೆಲ್ಲಗೆ ಬಿಡಿಸಿದಳು. ಇನಾಯತ್ ಬಿಡಿಸಿಕೊಂಡು ಬಂದರು. ಗುರುಸಿದ್ದನ ಪ್ಯಾಂಟಿನ ಒಂದು ತುಂಡು ಹಲಗೆಯ ಮೇಲೇ ಉಳಿಯಿತು. ಹುಮೇರಾಳ ಗಂಡ ಗುಲಾಮ್ ದಸ್ತಗೀರನ ಚೌಕಳಿ ಲುಂಗಿ ಉಟ್ಟುಕೊಂಡೇ ಅವನು ಮೀನು ತಿಂದ, ಎರಡನೇ ಸಲ ಹಾಕಿಸಿಕೊಂಡೂ ತಿಂದ. ಉಮಾಶ್ರೀ ಅಪರಾಧಿಯಂತೆ ದೂರದಲ್ಲೇ ನಿಂತಿದ್ದವಳು ಮೆಲ್ಲಗೆ ಆತಿಯಾಳ ಹತ್ತಿರ ಬಂದು, "ಅಕ್ಕಾರ, ಕೂಸಿಗೆ ಹಾಲು ಕುಡಿಸಾಕ ಒಂದು ಮರೆ ಜಾಗ ಮಾಡ್ರಿ. ಹೆಣ್ಮಕ್ಕಳಿಗೆ ಬಾಗಲ ಗಟ್ಟಿ ಇರೋ ಪಾಯಖಾನಿನೂ," ಎಂದಳು. ಆತಿಯಾ, "ಖರೇನ, ಅದು ನಂಗ ಹೊಳದಿರ್ಲಿಲ್ಲ" ಎಂದು ಕೂಸಿನ ಗಲ್ಲ ಹಿಂಡಿದಳು.

ವಾರವೊಂದು ಕಳೆದ ಮೇಲೆ ಲುಂಗಿ ವಾಪಸು ಬಂತು, ಇಸ್ತ್ರಿಯಾಗಿ. ತಂದವನು ಗುರುಸಿದ್ದನೇ. ಮೋಟಾರ್ ಸೈಕಲ್ಲಿನ ಮೇಲಿಂದಲೇ ಕೂಗಿದ: "ಬಸವಂತಮ್ಮಾರ, ಹರಿಗೋಲು ನಕ್ಷೆದಾಗ ಕುಂತಾವ್ರಿ! ಮೆಟ್ಟಲಿನ ಎಡಕ್ಕ. ಆದ್ರ ಹಲಗಿಗೆ ಕೌದಿ ಹಾಸಬೇಕು ಅಂತ ಸಾಹೇಬ್ರು ಹೇಳ್ಯಾರ."

ಬಸವಂತಮ್ಮ ಒಳಗೆ ಹೋದಳು, ಸೆರಗಿನಿಂದ ಮುಖ ಒರೆಸಿಕೊಂಡು ಬಂದಳು. ಉಮಾಶ್ರೀಗೆ ಕೋಡು ಮೂಡಿತ್ತು.

"ನೋಡಿದ್ಯಾ ಯವ್ವಾ? ನಾ ಡಾಂಬರ ಹಚ್ಚದಿದ್ರ ಆ ಗುರುಸಿದ್ದಪ್ಪ ನಡು ಹೊಳ್ಯಾಗ ಎದ್ದು ನಿಲ್ತಿದ್ದ. ನಕ್ಷಿನೂ ಇಲ್ಲ, ಏನೂ ಇಲ್ಲ. ಎಲ್ಲಾ ನನ್ನಿಂದ!"

"ಹೌದವಾ, ಎಲ್ಲಾ ನಿನ್ನಿಂದ," ಎಂದಳು ಬಸವಂತಮ್ಮ. ಮೂಲೆಯಲ್ಲಿದ್ದ ಡಾಂಬರಿನ ಡಬ್ಬಿಯನ್ನು ಎತ್ತಿಕೊಂಡು ಮುಚ್ಚಳ ಬಿಗಿದಳು. ಹಗ್ಗ ಕಟ್ಟಿ, ದಂಡೆಯ ಜಾಲಿ ಮರದ ಎತ್ತರದ ಕೊಂಬೆಗೆ, ಮಗಳ ಕೈಗೆ ನಿಲುಕದಷ್ಟು ಮೇಲೆ, ನೇತುಹಾಕಿದಳು. ಆಮೇಲೆ ಪೆಟ್ಟಿಗೆ ತೆರೆದು ಮನೆಯಲ್ಲಿದ್ದ, ಹಳೆ ಸೀರೆ ತುಂಡುಗಳಿಂದ ಹೊಲಿದ ಕೌದಿಗಳಲ್ಲಿ ಛಂದದ್ದು ಯಾವುದೆಂದು ಒಂದೊಂದಾಗಿ ಬಿಸಿಲಿಗೆ ಹರವತೊಡಗಿದಳು.