ಅಕ್ಕಿಕಾಳು ಬೀಳದ ಕಛೇರಿ

ಮುಂಡಗೋಡದ ಸುತ್ತಮುತ್ತ ಗಂಡು ಹೆಣ್ಣು ಒಪ್ಪಿದರಷ್ಟೇ ಮದುವೆ ಗೊತ್ತಾಗುವುದಿಲ್ಲ, ಸನವಳ್ಳಿಯ ಗೂಳಪ್ಪನ ಸನಾದಿಗೂ ಆ ದಿನ ಪುರುಸೊತ್ತು ಇರಬೇಕು. ಊದಿ ಊದಿ ಆತನ ಗಲ್ಲ ಹೂರಣದ ಕಡುಬಾಗಿತ್ತು. ಹೆಸರಿಗೇನೂ ಕೊರತೆಯಿಲ್ಲ. ಆದರೆ ಇಷ್ಟು ವರ್ಷದಲ್ಲಿ ಆತನ ಸನಾದಿಯನ್ನು ಒಬ್ಬ ಪುಣ್ಯಾತ್ಮನೂ ಕೂತು ಕೇಳಿರಲಿಲ್ಲ. ವಧೂವರರ ತಲೆಯ ಮೇಲೆ ಅಕ್ಕಿಕಾಳು ಬಿತ್ತೋ, ಸನಾದಿ ನಿಂತಿತು, ಜನ ಊಟಕ್ಕೆ ಓಡಿದರು.

"ನಾನೇನು ಸಂಗೀತಗಾರನೋ, ಅಕ್ಕಿ ಉದರ್ಸೂ ಮಷೀನೋ?" ಎಂದು ಗೊಣಗುತ್ತಿದ್ದ.

"ಎರಡೂ ಹೌದ್ರಿ," ಎನ್ನುತ್ತಿದ್ದಳು ಹೆಂಡತಿ ಶಿವವ್ವ, ರೊಟ್ಟಿ ಬಡಿಯುತ್ತ.

ಛಲ ಹುಟ್ಟಿತು. ಭೀಮಪಲಾಸಿ ರಾಗದಲ್ಲಿ ಸ್ವಂತದ್ದೊಂದು ಹೊಸ ರಚನೆ ಕಟ್ಟಿದ. ಅದಕ್ಕೆ ತಬಲಾ ಬೇಡವೆಂದು ಹಳಿಯಾಳ ಕಡೆಯ ಜೇವಿಯರನನ್ನು ಕರೆದ. ಸಿದ್ದಿ ಜನರ ಡಮಾಮಿ ಡೋಲು ಬಾರಿಸುವುದರಲ್ಲಿ ಜೇವಿಯರ್ ಎತ್ತಿದ ಕೈ. ಶ್ರುತಿ ಹಿಡಿಯಲು ಶಿಷ್ಯೆ, ಪಾಳಾ ಊರಿನ ಶಾಲೆಯ ಸಹನಾ ಮಾಸ್ತರಬಾಯಿ. ಊದುತ್ತಲೇ ಮೂಗಿನಿಂದ ಉಸಿರೆಳೆಯುವ ವಿದ್ಯೆಯನ್ನು ಆಕೆಗೆ ಚೊಂಬಿನ ನೀರು, ಪಪ್ಪಾಯಿ ದಂಟಿನಿಂದ ಕಲಿಸಿದ್ದ. ದಂಟಿನಿಂದ ಊದುವಾಗ ನೀರಿನ ಗುಳ್ಳೆ ನಿಲ್ಲಬಾರದು. ಮೊದಲ ದಿನ ನೀರೆಲ್ಲ ಆಕೆಯ ಮೂಗಿನಿಂದ ಬಂತು.

"ಹಾದಿ ಗೊತ್ತಾತಲ್ಲ. ಇನ್ನ ಉಸಿರೂ ಅದ ಹಾದ್ಯಾಗ ಬರ್ಲಿ," ಎಂದ ಗುರು.

ತಾಲೀಮು ರಂಗೇರಿತು. ಶಿವವ್ವ ಒಳಗಿನಿಂದ "ರೊಟ್ಟಿ ಆರತಾವ" ಎಂದು ಕೂಗುವವರೆಗೂ ನಡೆಯುತ್ತಿತ್ತು.

ಮೊದಲ ಕಛೇರಿ ಹಳಿಯಾಳದಲ್ಲಿ. ಲಯ ಏರಿದ್ದೇ ತಡ, ಮದುವೆಯ ರೂಢಿಯಿಂದ ಜನರ ಕೈಗಳು ತಾವಾಗಿಯೇ ಮೇಲೆದ್ದವು. ಅಕ್ಕಿ ಇರಲಿಲ್ಲ, ತಿನ್ನುತ್ತಿದ್ದ ಚುರುಮರಿಯನ್ನೇ ಎಸೆದರು! ಜೇವಿಯರ್ ಬಾಯಿಗೆ ಬಿದ್ದ ಶೇಂಗಾ ಅಗಿಯುತ್ತಲೇ ಬಾರಿಸಿದ. ಗೂಳಪ್ಪ ಮಾತ್ರ, ತಲೆಯ ಮೇಲೆ ಚುರುಮರಿ ಬಿದ್ದೊಡನೆ ಗಪ್ಪನೆ ನಿಲ್ಲಿಸಿಬಿಟ್ಟ. ರಚನೆ ಅರ್ಧಕ್ಕೇ ಉಳಿಯಿತು. ಅಂದು ಆತ ಉಣ್ಣಲಿಲ್ಲ.

"ಒಮ್ಮೆ, ಒಂದ ಒಮ್ಮೆ ಪೂರ್ತಿ ಕೇಳಿದ್ರ ಸಾಕು," ಎಂದ. ಶಿವವ್ವ ಆತನಿಗಿಟ್ಟ ರೊಟ್ಟಿಯನ್ನು ಮುಚ್ಚಿಟ್ಟಳು.

ದಾಂಡೇಲಿಯ ಕಛೇರಿಗೆ ಬಂದೋಬಸ್ತು ಮಾಡಿದವರು ಸಂಘಟಕ ಮಹಾಬಳೇಶ್ವರ. ಗೋವಾ ಗಡಿಯ ಅನಮೋಡ ನಾಕಾದಲ್ಲಿ ಪೊಲೀಸರು ಹೆಂಡದ ಬಾಟಲಿ ಹುಡುಕುವಂತೆ ಸಭಾಗೃಹದ ಬಾಗಿಲಲ್ಲಿ ಚೀಲ ತಪಾಸು ಮಾಡಿಸಿದರು. ಅಕ್ಕಿಯಿಲ್ಲ, ಚುರುಮರಿಯಿಲ್ಲ, ಗುಟ್ಕಾ ಪುಡಿಯೂ ಇಲ್ಲ.

ಏನು ಊದಿದನಪ್ಪ ಅಂದು! ಲಯ ಏರಿತು, ಯಾವ ಕೈಯೂ ಏಳಲಿಲ್ಲ. ಜನ ಉಸಿರು ಬಿಗಿಹಿಡಿದು ಕೂತಿದ್ದರು. ಗೂಳಪ್ಪನ ಕಣ್ಣು ತುಂಬಿ ಬಂತು. ರಚನೆ ಕೊನೆಯ ಸುತ್ತಿಗೆ ಬಂತು. ಮುಗಿಯಿತು. ಆದರೆ ಗೂಳಪ್ಪ ನಿಲ್ಲಲಿಲ್ಲ.

ನಿಲ್ಲಿಸಬೇಕೆಂದು ತಲೆಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ. ಹುಟ್ಟಿದಾಗಿನಿಂದ ಆತ ತಾನಾಗಿ ನಿಲ್ಲಿಸಿದವನೇ ಅಲ್ಲ. ಮೇಲಿನಿಂದ ಏನೋ ಬೀಳಬೇಕು, ಇಲ್ಲವೇ ರೊಟ್ಟಿ ಆರಬೇಕು. ಉಸಿರಾದರೂ ತೀರೀತೇ? ಆ ವಿದ್ಯೆಯಲ್ಲಿ ಆತನೇ ಗುರು. ಕೊನೆಯ ಸುತ್ತು ಮತ್ತೆ ಬಂತು, ಮತ್ತೆ ಹೋಯಿತು. ಶ್ರುತಿ ಊದಿ ಊದಿ ಸಹನಾಳ ಮುಖ ಕೆಂಪಾಯಿತು. ಜನ ಹಳಿಯಾಳದ ಕಡೇ ಬಸ್ಸಿನ ಚಿಂತೆಗೆ ಬಿದ್ದರು.

"ಗೂಳಪ್ಪಣ್ಣ, ಎಲ್ಲಿಗೆ ಹೊಂಟೇವಿ?" ಎಂದ ಜೇವಿಯರ್, ಮೆಲ್ಲಗೆ.

ಗೂಳಪ್ಪ ಊದುತ್ತಲೇ ಕಣ್ಣರಳಿಸಿ ಮುಂದಿನ ಸಾಲಿನತ್ತ ನೋಡಿದ. ಅಲ್ಲಿ ಕೂತಿದ್ದ ಶಿವವ್ವ ಎದ್ದಳು. ಸೆರಗಿನ ಗಂಟು ಬಿಚ್ಚಿದಳು. ಕಲಾವಿದರ ಹೆಂಡತಿಯನ್ನು ಯಾರು ತಪಾಸು ಮಾಡುತ್ತಾರೆ? ಒಂದು ಹಿಡಿ ಅಕ್ಕಿ ಆತನ ತಲೆಯ ಮೇಲೆ ಬಿತ್ತು. ಸನಾದಿ ಷಡ್ಜಕ್ಕೆ ಬಂದು ಸುಮ್ಮನಾಯಿತು. ಚಪ್ಪಾಳೆಗೆ ಸಭಾಗೃಹವೇ ನಡುಗಿತು.

"ಅಕ್ಕಿ ಯಾಕ ತಂದಿದ್ದಿ?" ಎಂದು ಕೇಳಿದ, ಮನೆಗೆ ಹೋಗುವ ದಾರಿಯಲ್ಲಿ.

"ನಮ್ಮ ಮದವ್ಯಾಗೂ ನೀವ ಊದಿದ್ರಿ, ಮರತ್ರೇನು? ಹಿರ್ಯಾರು ನಿಮ್ಮನ್ನ ನಿಲ್ಸಾಕ ಮೊದಲ ಕಾಳು ಹಾಕಿ, ಆಮ್ಯಾಲೆ ನಿಮ್ಮ ಕೈಯಾಗ ತಾಳಿ ಕೊಡಬೇಕಾತು."

ಗೂಳಪ್ಪ ಕೂದಲಿನಿಂದ ಒಂದು ಕಾಳು ಹೆಕ್ಕಿ ಜೇಬಿಗೆ ಹಾಕಿಕೊಂಡ.

"ಮುಂದಿನ ಕಛೇರಿಗೂ ಬರ್ತಿಯಲ್ಲ?"

"ಬರ್ತೇನ್ರಿ," ಎಂದಳು ಶಿವವ್ವ. "ನಾ ಬರದಿದ್ರ ನೀವು ಮನಿಗೆ ಬರೂದು ಹೆಂಗ?"