ಮಿಡತೆ ದೊಡ್ಡಮ್ಮ
ಒಲೆಯ ಮೇಲೆ ಹಾಲಿಟ್ಟು ಹಿತ್ತಿಲಿಗೆ ಹೋದಳೆಂದರೆ ಆ ಹಾಲಿನ ಆಸೆಯನ್ನು ನಾವು ಬಿಟ್ಟಂತೆಯೇ. ನಮ್ಮ ದೊಡ್ಡಮ್ಮ ಹುಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಮಿಡತೆಗಳ ಯೋಗಕ್ಷೇಮ ವಿಚಾರಿಸುತ್ತಿದ್ದಳು. ಬಂದ ನೆಂಟರನ್ನು ಕೂರಲೂ ಬಿಡದೆ ಅಲ್ಲಿಗೆ ಎಳೆದೊಯ್ದು, "ನೋಡಿ, ಇವನ ಕಿವಿ ಹೊಟ್ಟೆ ಪಕ್ಕದಲ್ಲಿ, ರೆಕ್ಕೆ ಕೆಳಗಿದೆ. ಉಸಿರಾಡೋದು ಮೈಪಕ್ಕದ ತೂತುಗಳಲ್ಲಿ. ಪುಣ್ಯಾತ್ಮನಿಗೆ ಮೂಗು ಕಟ್ಟೋ ಕಾಟವೇ ಇಲ್ಲ" ಎನ್ನುತ್ತಿದ್ದಳು. ನಾನು ಕುಡುಗೋಲು ಹಿಡಿದು ಬಂದರೆ ಹುಲ್ಲಿಗೆ ಅಡ್ಡ ನಿಲ್ಲುತ್ತಿದ್ದಳು. "ಹಾವು ಸೇರ್ಕೊಳ್ಳುತ್ತೆ ದೊಡ್ಡಮ್ಮ" ಎಂದು ರೇಗಿದರೆ, "ಸೇರ್ಕೊಳ್ಳಲಿ ಬಿಡು, ನಿನ್ನಷ್ಟು ಬುಸುಗುಟ್ಟಲ್ಲ" ಎನ್ನುವಳು. ಬಿಸಿಲು ಇಳಿಯುವ ಹೊತ್ತಿಗೆ ಬೆರಳೆತ್ತಿ, "ಹಾಡ್ತಿದ್ದಾನೆ, ಕೇಳು" ಎಂದರೆ ಆಗಲೇ ಸಣ್ಣಗೆ ಚರಚರ ಸದ್ದು ಬರುತ್ತಿತ್ತು. ಈ ವಯಸ್ಸಿನಲ್ಲೂ ಎಂಥ ಕಿವಿ ಎಂದು ಮನೆಯವರೆಲ್ಲ ಹೊಗಳಿದ್ದೇ ಹೊಗಳಿದ್ದು. ಅವಳ ಕಡೆಯ ವರ್ಷದ ಒಂದು ಸಂಜೆ ಮಿಡತೆ ಎಲೆಯ ಮರೆಗೆ ಸರಿದು ಹಾಡುತ್ತಿತ್ತು. ದೊಡ್ಡಮ್ಮ ನನ್ನ ತೋಳು ಹಿಡಿದು, "ಯಾಕೋ ಸುಮ್ಮನಾದ?" ಎಂದಳು. "ಹಾಡ್ತಾನೇ ಇದೆಯಲ್ಲ" ಎಂದೆ. ಅವಳು ದನಿ ತಗ್ಗಿಸಿದಳು. "ಆ ಸಣ್ಣ ಸದ್ದು ನನಗೆ ಕೇಳಿಸದೆ ಎಷ್ಟೋ ಕಾಲ ಆಯ್ತು ಕಣೋ. ಹಿಂಗಾಲನ್ನ ರೆಕ್ಕೆಗೆ ಉಜ್ಜೋದು ಕಂಡ್ರೆ ಹಾಡು ಅಂತ ತಿಳ್ಕೋತೀನಿ. ಒಳಗೆ ಯಾರಿಗೂ ಹೇಳಬೇಡ." ನಾನು ಉಸಿರು ಬಿಗಿಹಿಡಿದು, ಮಿಡತೆ ಬೆದರದ ಹಾಗೆ, ಆ ಎಲೆಯನ್ನು ಮೆಲ್ಲಗೆ ಒತ್ತರಿಸಿ ಹಿಡಿದೆ. ದೊಡ್ಡಮ್ಮ ಬಗ್ಗಿ ನೋಡಿದಳು. "ಹ್ಞಾ, ಈಗ ಕೇಳಿಸ್ತು" ಎಂದಳು.