ಹಬೀಬಾ ಒರೆಸಿ ಉಳಿಸಿದ ಐನೂರು ಭಾನುವಾರ

ಬೆಳಗಿನ ಐದೂವರೆ. ಕೊಪ್ಪದ ಪೇಟೆಯ ಸಣ್ಣ ಬೇಕರಿಯೊಂದರಲ್ಲಿ ಮೊದಲ ಬನ್ನುಗಳು ಭಟ್ಟಿಯಿಂದ ಹೊರಬರುತ್ತಿವೆ. ಭಟ್ಟಿಯ ಹಿಂದಿನ ಕೋಣೆಯಲ್ಲಿ ನಲವತ್ತಾರರ ಹಬೀಬಾ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದಾರೆ. ಎದುರಿಗೆ ಬಿಚ್ಚಿದ ವಿಡಿಯೋ ಕ್ಯಾಸೆಟ್. ಅದರ ಕಪ್ಪು ಟೇಪು ನಿನ್ನೆ ಸಂಜೆ ಪಟ್ಟನೆ ತುಂಡಾಗಿದೆ. ಎರಡು ತುದಿಗಳನ್ನೂ ಬೆರಳಿನಿಂದ ನೀವುತ್ತಾ ಅವರು ಉಸಿರು ಬಿಗಿಹಿಡಿದಿದ್ದಾರೆ.

"ಎರಡಿಂಚು ಕತ್ತರಿಸಿ ಅಂಟಿಸಿಬಿಡಿ ಹಬೀಬಕ್ಕ. ಸುಕ್ಕಾಗಿದ್ದು ಹೋಗ್ಲಿ," ಎನ್ನುತ್ತಾರೆ ಬಾಗಿಲಲ್ಲಿ ನಿಂತ ಕಾಂತೇಶ್. ಊರಿನಲ್ಲಿ ಕೇಬಲ್ ಟಿ.ವಿ. ನಡೆಸುವವರು ಅವರು.

"ಎರಡಿಂಚು ಅಂದ್ರೆ ಎರಡು ಸೆಕೆಂಡು ಕಾಂತೇಶಣ್ಣ. ಆ ಎರಡು ಸೆಕೆಂಡಿಗೇ ಅಲ್ವಾ ಇಷ್ಟೆಲ್ಲ? ಕತ್ತರಿಸಿದ್ರೆ ಪ್ರೇಮಕ್ಕ ನನ್ನನ್ನೇ ಕತ್ತರಿಸ್ತಾರೆ!"

ಕಾಂತೇಶ್ ಅವರ 'ವಾರದ ಆಟ' ಶುರುವಾದದ್ದು 1998ರ ನವೆಂಬರಿನಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮೈದಾನಗಳಲ್ಲಿ ನಡೆಯುವ ಕಬಡ್ಡಿ, ವಾಲಿಬಾಲ್, ಥ್ರೋಬಾಲ್ ಪಂದ್ಯಗಳನ್ನು ಚಿತ್ರಿಸಿ, ಭಾನುವಾರ ಸಂಜೆ ಆರಕ್ಕೆ ಅರ್ಧ ಗಂಟೆ ತೋರಿಸುವ ಕಾರ್ಯಕ್ರಮ. ಈಗೀಗ ಉಳಿದೆರಡು ತಾಲ್ಲೂಕಿಗೂ ಅದರ ಪ್ರತಿಗಳು ಬಸ್ಸಿನಲ್ಲಿ ಹೋಗುತ್ತವೆ. ಒಂದು ವಾರವೂ ತಪ್ಪಿಲ್ಲ. ನಾಳೆ ಐನೂರನೆಯದು. ಅದರಲ್ಲಿ ಮೊಟ್ಟಮೊದಲ ವಾರದ ಪಂದ್ಯ ತೋರಿಸುತ್ತೇವೆಂದು ಕಾಂತೇಶ್ ತಿಂಗಳಿನಿಂದ ಸಾರುತ್ತಿದ್ದಾರೆ. ಇರುವುದು ಈ ಒಂದೇ ಕ್ಯಾಸೆಟ್.

ಮೊದಲ ಮಳೆಗಾಲದಲ್ಲೇ ಕಾಂತೇಶ್ ಅವರ ಆಫೀಸಿನ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿತ್ತು. ಬೆಚ್ಚಗಿನ ಜಾಗ ಹುಡುಕುತ್ತಾ ಅವರು ಬಂದದ್ದು ಅಸಾದುಲ್ಲಾ ಅವರ ಬೇಕರಿಗೆ. ಭಟ್ಟಿಯ ಹಿಂದಿನ ಗೋಡೆ ಕೈಯಿಟ್ಟರೆ ಹಿತವಾಗುವಷ್ಟು ಬಿಸಿ. ಇಟ್ಟುಕೊಳ್ಳಿ ಎಂದವರು ಅಸಾದುಲ್ಲಾ. ಬಿಳಿ ಬೂಷ್ಟು ನೋಡಲಾರದೆ ಒರೆಸಲು ಕೂತವರು ಅವರ ಹೆಂಡತಿ ಹಬೀಬಾ.

"ಮೊದಲ ವರ್ಷ ಒಂದು ಕ್ಯಾಸೆಟ್ ಹಾಳು ಮಾಡ್ದೆ. ಶೃಂಗೇರಿ ಕಬಡ್ಡಿ ಪೂರ್ತಿ ಹೋಯ್ತು. ಮೂರು ದಿನ ಊಟ ಸೇರಲಿಲ್ಲ ನಂಗೆ," ಎಂದು ನೆನೆಯುತ್ತಾರೆ.

ಈಗ ಗೋಡೆಗೆ ಎಂಬತ್ತನಾಲ್ಕು ಕ್ಯಾಸೆಟ್ಟುಗಳಿವೆ. ಒಂದೊಂದರಲ್ಲೂ ಆರು ವಾರದ ಆಟ, ಕಾಲು ಕಿಲೋಮೀಟರಿನಷ್ಟು ಟೇಪು. ಮೆತ್ತನೆಯ ಬಟ್ಟೆಗೆ ಸ್ಪಿರಿಟ್ ಹಚ್ಚಿ, ಸುರುಳಿಯನ್ನು ಕೈಯಿಂದಲೇ ತಿರುಗಿಸುತ್ತಾ ದಿನಕ್ಕೆ ಹೆಚ್ಚೆಂದರೆ ಮೂವತ್ತು ಮೀಟರ್ ಒರೆಸುತ್ತಾರೆ. ಸುರುಳಿಯ ಸದ್ದಿಗೆ ಕಿವಿ ಸದಾ ತೆರೆದಿರುತ್ತದೆ. ಸದ್ದು ಒರಟಾದರೆ ಟೇಪು ಎಲ್ಲೋ ಅಂಟಿಕೊಂಡಿದೆ ಎಂದು ಅರ್ಥ; ಕೈ ತಾನಾಗಿ ನಿಲ್ಲುತ್ತದೆ. ಮೊದಲ ಕ್ಯಾಸೆಟ್ಟಿನ ಬೂಷ್ಟು ಮಾತ್ರ ಕಲ್ಲಿನಂತಿತ್ತು. ಕೈ ಪಳಗಲಿ ಎಂದು ಇಷ್ಟು ವರ್ಷ ತೆಗೆದಿಟ್ಟಿದ್ದನ್ನು ಹನ್ನೊಂದು ದಿನ ಒರೆಸಿದರು. ಬೂಷ್ಟು ಇನ್ನು ಅಂಗೈಯಷ್ಟೇ ಉಳಿದಿದೆ ಎನ್ನುವಾಗ ಟೇಪು ತುಂಡಾಯಿತು. ಉದ್ದ ಅಳೆದು ನೋಡಿದರೆ, ಅದೂ ಪ್ರೇಮಕ್ಕನ ಎಸೆತದ ಜಾಗದಲ್ಲೇ.

ಮೇಗುಂದದ ಪ್ರೇಮಕ್ಕ ಅಂದಿನ ಥ್ರೋಬಾಲ್ ಫೈನಲ್ಲಿನ ನಾಯಕಿ. ಅವರ ಕೊನೆಯ ಎಸೆತ ಗೆರೆಯ ಹೊರಗೆ ಬಿತ್ತೆಂದು ಅಂಪೈರ್ ಹೇಳಿದರು. ಗೆರೆ ಮುಟ್ಟಿದೆ, ಒಳಗೇ ಎಂದು ಪ್ರೇಮಕ್ಕ ಎಷ್ಟು ಹೇಳಿದರೂ ಕಪ್ ಎದುರಾಳಿ ಭಂಡಿಗಡಿಗೆ ಹೋಯಿತು. ಮೇಗುಂದಕ್ಕೆ ಆಗ ಕೇಬಲ್ ಬಂದಿರಲಿಲ್ಲ. ಕೊಪ್ಪದಲ್ಲಿ ಟಿ.ವಿ. ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಪ್ರೇಮಕ್ಕ ಮಳೆಗಾಲದಲ್ಲಿ ಕೇಳಿಕೊಂಡು ಬರುವಷ್ಟರಲ್ಲಿ ಕ್ಯಾಸೆಟ್ ಓಡುತ್ತಿರಲಿಲ್ಲ. ಅಂದಿನಿಂದ ಭಂಡಿಗಡಿಯಲ್ಲಿ ಅವರಿಗೆ 'ಸುಳ್ಳು ಕ್ಯಾಪ್ಟನ್' ಎಂದು ಅಡ್ಡಹೆಸರು.

ಆರೂಮುಕ್ಕಾಲಕ್ಕೆ ಮೊದಲ ಬಸ್ಸಿಳಿದು ಪ್ರೇಮಕ್ಕ ಬೇಕರಿಗೇ ಬರುತ್ತಾರೆ. ಅಷ್ಟರಲ್ಲಿ ಹಬೀಬಾ ಹರಿದ ಅಂಚಿಗೆ ಹರಿದ ಅಂಚನ್ನು ಕೂದಲೆಳೆಯಷ್ಟೂ ಬಿಡದೆ ಕೂಡಿಸಿ ಅಂಟಿಸಿದ್ದಾರೆ. ಅಂಟಿಸಿದ ಟೇಪನ್ನು ವಿ.ಸಿ.ಆರ್.ನಲ್ಲಿ ಓಡಿಸುವುದು ಒಂದೇ ಸಲ. ಅಷ್ಟರಲ್ಲೇ ಪಕ್ಕದ ಯಂತ್ರ ಅದನ್ನು ಡಿ.ವಿ.ಡಿ.ಗೆ ಇಳಿಸಿಕೊಳ್ಳಬೇಕು. ಬಿಚ್ಚಿಕೊಂಡರೆ ಎಲ್ಲವೂ ಹೋದಂತೆ.

"ಬಿಸ್ಮಿಲ್ಲಾ," ಎಂದು ಹಬೀಬಾ ಗುಂಡಿ ಒತ್ತುತ್ತಾರೆ.

ಸುರುಳಿ ನಯವಾಗಿ ಸುತ್ತುತ್ತದೆ. ಪರದೆಯಲ್ಲಿ ಮೈದಾನ, ಎರಡು ಜಡೆಯ ತರುಣಿ ಪ್ರೇಮಕ್ಕ. ಚೆಂಡು ಮೇಲೇರುತ್ತದೆ. ಚಿತ್ರ ಒಮ್ಮೆ ನಡುಗುತ್ತದೆ. ಚಿತ್ರ ಸರಿಯಾಗುತ್ತದೆ. ಚೆಂಡು ಬೀಳುತ್ತದೆ, ಬಿದ್ದಲ್ಲಿ ಗೆರೆಯ ಸುಣ್ಣ ಪುಸ್ಸನೆ ಹಾರುತ್ತದೆ.

"ಸುಣ್ಣ! ಸುಣ್ಣ ಹಾರ್ತು, ನೋಡಿದ್ರಾ? ಗೆರೆ ಮೇಲೆ!" ಪ್ರೇಮಕ್ಕ ಹಬೀಬಾರನ್ನು ಹಿಡಿದು ಕುಣಿಸಿಯೇಬಿಡುತ್ತಾರೆ.

"ಈಗ ಭಂಡಿಗಡಿಯವ್ರ ಹತ್ರ ಕಪ್ ಕೇಳ್ತೀರಾ?" ಕಾಂತೇಶ್ ಕೆಣಕುತ್ತಾರೆ.

"ಕಪ್ ಅವ್ರೇ ಇಟ್ಕೊಳ್ಲಿ ಮಾರಾಯ! ನಾಳೆ ಮೂರು ತಾಲ್ಲೂಕೂ ಆ ಸುಣ್ಣ ನೋಡ್ಲಿ. ನಂಗೆ ಅಷ್ಟು ಸಾಕು."

ಅಸಾದುಲ್ಲಾ ಬಿಸಿ ಬನ್ನಿನ ತಟ್ಟೆ ತಂದಿಡುತ್ತಾರೆ. ಕಾರ್ಯಕ್ರಮದ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಇಷ್ಟು ವರ್ಷ ಹಬೀಬಾ ಇರಲಿಲ್ಲ. ನಾಳೆ ಹಾಕುತ್ತೇನೆಂದು ಕಾಂತೇಶ್ ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ: "'ಸಹಕಾರ: ಬೇಕರಿ ಅಸಾದುಲ್ಲಾ ಅವರ ಮನೆಯವರು'. ಆಗ್ಬಹುದಾ ಹಬೀಬಕ್ಕ?"

ಟೇಪನ್ನು ಹುಷಾರಾಗಿ ಹಿಂದಕ್ಕೆ ಸುತ್ತುತ್ತಿದ್ದ ಹಬೀಬಾ ತಲೆಯೆತ್ತುತ್ತಾರೆ.

"ಟೇಪು ಒರೆಸಿದ್ದು ಬೇಕರಿ ಅಲ್ಲ ಕಾಂತೇಶಣ್ಣ. ಹಬೀಬಾ ಅಂತ ಹಾಕಿ."